ಬಲಕ್ಕೆ ಬಿದ್ದ ಹೂವು

ಮೊಮ್ಮಗಳ ಏಳನೆಯ ತರಗತಿಯ ರಿಸಲ್ಟು ಬಂದ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಬ್ಯಾಡಗಿಯ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ನನ್ನ ಕೆಲಸ. ಹದಿನೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಕೊಬ್ಬರಿ ಎಣ್ಣೆ ಹಚ್ಚಿ ಎಷ್ಟು ಸಲ ಕೈ ತೊಳೆದರೂ ಘಾಟು ಹೋಗುವುದಿಲ್ಲ. ಹೆಡ್‌ಮಾಸ್ತರರು ಶಾಲೆಯಲ್ಲಿ ನನ್ನ ಕೈಗೆ ರಿಸಲ್ಟಿನ ಕಾಗದ ಕೊಡುವಾಗ ಎರಡು ಸಲ ಸೀನಿದರು.

"ಅಜ್ಜಿ, ನಿಮ್ಮ ಮೊಮ್ಮಗಳು ಕ್ಲಾಸಿಗೇ ಮೊದಲ ಬಂದಾಳ್ರಿ," ಎಂದರು.

"ಹನ್ನೊಂದು ಮಂದಿಯೊಳಗ ಮೊದಲ ಬರೂದು ಏನ್ ದೊಡ್ಡದ್ರಿ ಸರ್," ಎಂದೆ.

ಅವರು ನಗಲಿಲ್ಲ. ಹುಡುಗಿ ನೆಲ ನೋಡುತ್ತ ನಿಂತಿದ್ದಳು. ನಾನು ಹೊಗಳುವವಳಲ್ಲ ಎಂಬುದು ಅವಳಿಗೆ ಗೊತ್ತು. ನನ್ನನ್ನೂ ಯಾರೂ ಹೊಗಳಿರಲಿಲ್ಲ. ನಾಲ್ಕನೆಯ ತರಗತಿಗೆ ಬಿಡಿಸಿ ಎಮ್ಮೆ ಕಾಯಲು ಕಳಿಸಿದ್ದರು, ಅಷ್ಟೇ.

ನಮ್ಮದು ಮೋಟೆಬೆನ್ನೂರಿನ ಹತ್ತಿರದ ಸಣ್ಣ ಊರು. ಅಲ್ಲಿ ಶಾಲೆ ಏಳರವರೆಗೆ ಮಾತ್ರ. ಎಂಟಕ್ಕೆ ಊರು ಬಿಟ್ಟು ಹೋಗಲೇಬೇಕು. ಹೆಡ್‌ಮಾಸ್ತರರು ಅದನ್ನು ಮೊದಲೇ ಯೋಚಿಸಿದ್ದರು. ಹಾವೇರಿಯಲ್ಲಿ ಒಂದು ಒಳ್ಳೆಯ ಹೈಸ್ಕೂಲಿದೆ, ಅಲ್ಲಿಯೇ ಸರಕಾರದ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ, ಅರ್ಜಿ ಹಾಕಿದರೆ ಇವಳಿಗೆ ಸೀಟು ಸಿಗುತ್ತದೆ ಎಂದರು. ಅರ್ಜಿ ಆಗಲೇ ತುಂಬಿ ಮೇಜಿನ ಮೇಲಿಟ್ಟಿದ್ದರು. ನನ್ನ ಮಗಳ ಜೊತೆ ಫೋನಿನಲ್ಲಿ ಮಾತಾಡಿಯೇ ತುಂಬಿದ್ದರಂತೆ. ನನ್ನನ್ನು ಕೇಳಿರಲಿಲ್ಲ.

ಮಗಳು ರಾಣೇಬೆನ್ನೂರಿನಲ್ಲಿ ಬೀಜ ಪ್ಯಾಕ್ ಮಾಡುವ ಗೋದಾಮಿನಲ್ಲಿ ದುಡಿಯುತ್ತಾಳೆ. ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋದ. ಅಂದಿನಿಂದ ಅಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಒಂದೇ ಖೋಲಿಯಲ್ಲಿದ್ದಾಳೆ. ಮಗುವನ್ನು ಅಲ್ಲಿಟ್ಟುಕೊಳ್ಳಲು ಆಗದೆ, ನಾಲ್ಕು ವರ್ಷದವಳನ್ನು ನನ್ನ ಹತ್ತಿರ ಬಿಟ್ಟಳು. ಪ್ರತಿ ಭಾನುವಾರ ಬಂದು ಹೋಗುತ್ತಾಳೆ. ನನ್ನ ಯಜಮಾನರು ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಒಂಬತ್ತು ವರ್ಷ ಆ ಮನೆಯಲ್ಲಿ ಇದ್ದವರು ನಾನು ಮತ್ತು ಈ ಹುಡುಗಿ ಇಬ್ಬರೇ.

ಆ ಭಾನುವಾರ ಮಗಳು ಬಂದಾಗ ಚೀಲ ಕೆಳಗಿಡುವ ಮೊದಲೇ ಜಗಳ ಶುರುವಾಯಿತು.

"ಬ್ಯಾಡಗ್ಯಾಗ ಹೈಸ್ಕೂಲ್ ಇಲ್ಲೇನ? ಬಸ್ಸು ಮನಿ ಮುಂದನ ಬರ್ತೈತಿ. ಮುಂಜಾನೆ ಹೋಗಿ ಸಂಜಿಕೆ ಬರ್ತಾಳ," ಎಂದೆ.

"ಬಸ್ಸಿನ್ಯಾಗ ನಿಂತ ನಿಂತ ಏನ್ ಓದ್ತಾಳ ಅವ್ವಾ? ಮನಿಗೆ ಬಂದ್ರ ನೀ ಕಸಾ ಹೊಡಿ, ನೀರು ತಾ ಅಂತಿ."

"ನೀನೂ ಕಸಾ ಹೊಡದಾಕೀನ. ಕೈಯೇನು ಸವದು ಹೋದ್ವು?"

"ಕಸಾ ಹೊಡದದ್ದಕ್ಕ ಇವತ್ತು ಗೋದಾಮಿನ್ಯಾಗ ಅದನ್ನ ಮಾಡಾಕತ್ತೇನಿ," ಎಂದಳು.

ಅವಳ ಮಾತು ಸರಿಯಿತ್ತು. ನನಗದು ಗೊತ್ತಿತ್ತು. ಆದರೂ ಹೆಣ್ಣುಮಕ್ಕಳನ್ನು ಪರಸ್ಥಳದಲ್ಲಿ ಬಿಡಬಾರದು, ಹಾಸ್ಟೆಲಿನ ಊಟ ಸರಿಯಿರುವುದಿಲ್ಲ ಎಂದೆಲ್ಲ ಹೇಳಿದೆ. ನಾನು ಯಾವ ಹಾಸ್ಟೆಲಿನಲ್ಲೂ ಒಂದು ತುತ್ತು ಉಂಡವಳಲ್ಲ. ಕೊನೆಗೆ ಹೇಳಲು ಏನೂ ಉಳಿಯದೆ, "ದ್ಯಾಮವ್ವನ್ನ ಕೇಳೂಣು. ಆಕಿ ಹೆಂಗ ಹೇಳ್ತಾಳ ಹಂಗ," ಎಂದುಬಿಟ್ಟೆ.

ನಮ್ಮಲ್ಲಿ ದೊಡ್ಡ ಕೆಲಸ ಯಾವುದೇ ಇರಲಿ, ದೇವರಲ್ಲಿ ಹೂವಿನ ಪ್ರಸಾದ ಕೇಳದೆ ಮಾಡುವುದಿಲ್ಲ. ಪೂಜಾರಿ ದೇವಿಯ ಮೂರ್ತಿಯ ಎಡಕ್ಕೂ ಬಲಕ್ಕೂ ಒದ್ದೆ ಹೂವು ಹಚ್ಚುತ್ತಾನೆ. ಕೇಳುವವರು ಮನಸ್ಸಿನಲ್ಲೇ ಬೇಡಿಕೊಳ್ಳಬೇಕು, ಹೂವು ಬೀಳುವವರೆಗೆ ಬಾಯಿಬಿಟ್ಟು ಹೇಳಬಾರದು. ಬಲಗಡೆಯ ಹೂವು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು ಅರ್ಥ.

"ನನ್ನ ಮದಿವಿಗೂ ಬಲಕ್ಕ ಬಿದ್ದಿತ್ತು," ಎಂದಳು ಮಗಳು. "ಚಲೋ ಗಂಡನ್ನ ಕೊಟ್ಟಳು ತಾಯಿ!"

"ದೇವರ ಮ್ಯಾಲೆ ನಾಲಿಗಿ ಹರಿಬಿಡಬ್ಯಾಡ."

ಆಗ ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗಿ, "ದೇವಿನ್ನ ಕೇಳೂಣು ಅವ್ವಾ, ಅಜ್ಜಿ ಹೇಳ್ದಂಗ ಕೇಳೂಣು," ಎಂದಳು. ಅವಳಿಗೆ ದೇವಿಯ ಮೇಲೆ ನಂಬಿಕೆ ಇತ್ತು. ಮಗಳು ಕೈ ಚೆಲ್ಲಿ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು.

ಮಂಗಳವಾರ ಮುಂಜಾನೆ ತಲೆಗೆ ನೀರು ಹಾಕಿಕೊಂಡು ನಾವಿಬ್ಬರೇ ಗುಡಿಗೆ ಹೋದೆವು. ಪೂಜಾರಿ ಹೂವು ಹಚ್ಚಿ ಪಕ್ಕಕ್ಕೆ ಸರಿದ. ನಾನು ಕಣ್ಣು ಮುಚ್ಚಿ ಸರಿಯಾಗಿಯೇ ಕೇಳಿದೆ. ಇವಳು ಹಾವೇರಿಗೆ ಹೋಗುವುದಿದ್ದರೆ ಬಲಕ್ಕೆ ಕೊಡು, ಇಲ್ಲದಿದ್ದರೆ ಎಡಕ್ಕೆ ಕೊಡು ಎಂದೆ. ಎಡಕ್ಕೆ ಬೀಳುತ್ತದೆ ಎಂದು ನನಗೆ ಧೈರ್ಯವಿತ್ತು. ಅಷ್ಟು ವರ್ಷ ಆಕೆಗೆ ನಡೆದುಕೊಂಡಿದ್ದೇನೆ, ನನ್ನ ಕಡೆ ಆಕೆ ನೋಡದಿರುವುದಿಲ್ಲ ಎಂದುಕೊಂಡಿದ್ದೆ. ಎಷ್ಟೋ ಮಂದಿ ಅರ್ಧ ತಾಸು, ಒಂದು ತಾಸು ಕಾಯುತ್ತಾರೆ. ನಾನು ಕಣ್ಣು ತೆರೆಯುವಷ್ಟರಲ್ಲಿ ಬಲಗಡೆಯ ಹೂವು ಜಾರಿ ದೇವಿಯ ಪಾದದ ಹತ್ತಿರ ಬಿದ್ದಿತ್ತು.

"ಲಗೂನ ಕೊಟ್ಟಳವಾ ತಾಯಿ! ಏನ್ ಬೇಡಿಕೊಂಡಿದ್ದಿ?" ಎಂದು ಪೂಜಾರಿ ಕೇಳಿದ.

"ಹುಡುಗಿ ನನ್ನ ಹಂತ್ಯಾಕ ಇರ್ಲಿ ಅಂತ ಬೇಡಿಕೊಂಡಿದ್ದೆ," ಎಂದೆ.

ಆ ಸುಳ್ಳನ್ನು ನಾನು ಮೊದಲೇ ಯೋಚಿಸಿಟ್ಟಿರಲಿಲ್ಲ. ಬಾಯಿಂದ ಹಾಗೇ ಬಂತು. ಮೊಮ್ಮಗಳು ನನ್ನ ಮಗ್ಗುಲಲ್ಲಿಯೇ ನಿಂತಿದ್ದಳು. ಒಮ್ಮೆ ಹೂವನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಕೈ ಮುಗಿದು, "ಆತು ಬಿಡಜ್ಜಿ," ಎಂದಳು. ರಾಣೇಬೆನ್ನೂರಿಗೆ ಫೋನು ಮಾಡಿ ತಿಳಿಸಿದಾಗ ಮಗಳೂ ವಾದ ಮಾಡಲಿಲ್ಲ. ಅರ್ಜಿ ಆಗಲೇ ಹಾವೇರಿಗೆ ಹೋಗಿತ್ತು, ಹಾಸ್ಟೆಲಿನ ಪಟ್ಟಿಯಲ್ಲಿ ಹುಡುಗಿಯ ಹೆಸರು ಬಂತು, ನಾವು ಹೋಗಲಿಲ್ಲ. ಬ್ಯಾಡಗಿಯ ಹೈಸ್ಕೂಲಿಗೆ ಹೆಸರು ಹಚ್ಚಿಸಿದೆವು.

ನನಗೆ ಬೇಕಾದದ್ದು ಸಿಕ್ಕಿತು. ಅದನ್ನು ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯಲಿಲ್ಲ. ಹುಡುಗಿ ಮುಂಜಾನೆ ಎಂಟರ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಬರುತ್ತಿದ್ದಳು. ಬಂದರೂ ಮಾತಿಲ್ಲ. ಮೊದಲು ಹಾಗಿರಲಿಲ್ಲ ಅವಳು. ಶಾಲೆಯಲ್ಲಿ ಯಾರು ಯಾರ ಪೆನ್ನು ಕದ್ದರು, ಯಾವ ಟೀಚರ್ ಬಾಯಿ ಯಾರಿಗೆ ಹೊಡೆದರು ಎಂದು ತಲೆ ತಿನ್ನುತ್ತಿದ್ದಳು. ನಾನು ಬೈದರೆ ತಿರುಗಿ ಬೈಯುತ್ತಿದ್ದಳು. ಈಗ ಹೇಳುವ ಮೊದಲೇ ಕಸ ಹೊಡೆಯುತ್ತಿದ್ದಳು, ಕೇಳುವ ಮೊದಲೇ ನೀರು ತುಂಬುತ್ತಿದ್ದಳು. ಬೈಯಲು ಕಾರಣವೇ ಕೊಡುತ್ತಿರಲಿಲ್ಲ. ರೊಟ್ಟಿ ತಿಂದು ಪುಸ್ತಕ ಹಿಡಿದು ಗೋಡೆಗೆ ಮುಖ ಮಾಡಿ ಕೂತರೆ ಮುಗಿಯಿತು. ಒಬ್ಬಳೇ ಇರಲಾಗದು ಎಂದು ಅವಳನ್ನು ಇಟ್ಟುಕೊಂಡೆ. ಅವಳು ಎದುರಿಗೆ ಇದ್ದಾಗಲೇ ಹೆಚ್ಚು ಒಂಟಿ ಅನಿಸುತ್ತಿತ್ತು. ಶೆಡ್ಡಿನಲ್ಲಿ ನಲವತ್ತು ಹೆಂಗಸರ ನಡುವೆ ಕೂತು ಸೀನುವುದೇ ವಾಸಿ ಎನ್ನಿಸಿತು.

ಶೆಡ್ಡಿನ ಗೆಳತಿಯೊಬ್ಬಳು, "ನಿನ್ನ ಮೊಮ್ಮಗಳು ಬಾಳ ಶಾಣ್ಯಾಕಿ ಆಗ್ಯಾಳ ಬಿಡಬೇ, ಮಾತ ಇಲ್ಲ," ಎಂದಳು.

"ಮೂಕಿಗೂ ಶಾಣ್ಯಾಕಿಗೂ ಫರಕ್ ಐತಿ. ಕೆಲಸಾ ನೋಡು," ಎಂದೆ.

ಎರಡು ತಿಂಗಳು ಹೀಗೇ ಕಳೆಯಿತು. ಒಂದು ಸಂಜೆ ಮಳೆ ಹಿಡಿದುಕೊಂಡಿತ್ತು. ಶೆಡ್ಡು ಬೇಗ ಬಿಟ್ಟಿದ್ದರಿಂದ ಬ್ಯಾಡಗಿ ಬಸ್‌ಸ್ಟಾಂಡಿನಲ್ಲಿ ಹುಡುಗಿ ನನಗೆ ಸಿಕ್ಕಳು. ಬಸ್ಸು ಬಂದಿರಲಿಲ್ಲ. ಇಬ್ಬರೂ ಕಲ್ಲಿನ ಬೆಂಚಿನ ಮೇಲೆ ಕೂತೆವು. ಅವಳ ಕೈಯಲ್ಲಿ ಗಣಿತದ ಪರೀಕ್ಷೆಯ ಕಾಗದವಿತ್ತು, ಅದನ್ನು ಮಡಚಿ ಮಡಚಿ ಸಣ್ಣದು ಮಾಡುತ್ತಿದ್ದಳು.

"ಅಜ್ಜಿ, ಒಂದು ಕೇಳ್ಲೇನ? ಬೈಬಾರದು."

"ಬೈಯೂದು ಬಿಡೂದು ಮಾತು ಕೇಳಿದ ಮ್ಯಾಲೆ."

"ಅವತ್ತು ಗುಡಿಯಾಗ ನೀ ಬೇಡಿಕೊಳ್ಳುವಾಗ ನಾನೂ ಬೇಡಿಕೊಂಡಿದ್ದೆ. ಹಾವೇರಿಗೆ ಹೋಗೂದಿದ್ರ ಬಲಕ್ಕ ಕೊಡವಾ ಅಂತ."

ನಾನು ಅವಳ ಕಡೆ ತಿರುಗಿದೆ.

"ಬಿದ್ದದ್ದು ಒಂದ ಹೂ. ನಿನಗ ಇಟ್ಟುಕೋ ಅಂತು, ನನಗ ಹೋಗು ಅಂತು. ಹೆಂಗಜ್ಜಿ ಅದು? ದೊಡ್ಡಾಕಿ ನೀ ಕೇಳುವಾಗ ನಾ ನಡುವ ಬಾಯಿ ಹಾಕಿದ್ನೆಲ್ಲ, ಅದಕ್ಕ ದೇವಿ ಸಿಟ್ಟಾಗ್ಯಾಳೇನ? ಅವತ್ತಿನಿಂದ ನನಗೇನೂ ತಲಿಗೆ ಹತ್ತವಲ್ದು. ತಪ್ಪುಕಾಣಿಕಿ ಹಾಕ್ಲೇನ?"

ಎರಡು ತಿಂಗಳಿಂದ ಅವಳು ಗೋಡೆಗೆ ಮುಖ ಮಾಡಿ ಇದನ್ನು ಹೊತ್ತುಕೊಂಡು ಕೂತಿದ್ದಳು. ನನ್ನ ಮೇಲೆ ಸಿಟ್ಟಾಗಿದ್ದಾಳೆ ಎಂದು ನಾನು ತಿಳಿದಿದ್ದೆ. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಳು.

ಖರೆ ಹೇಳುತ್ತೇನೆ, ಆಗಲೂ ತಪ್ಪಿಸಿಕೊಳ್ಳುವ ದಾರಿ ನನಗೆ ಕಂಡಿತು. ಹೌದು, ನೀನು ಬಾಯಿ ಹಾಕಬಾರದಿತ್ತು, ಒಂದು ಕಾಯಿ ಒಡೆಸು, ಸರಿಹೋಗುತ್ತದೆ ಎಂದರೆ ನಂಬುತ್ತಿದ್ದಳು. ಜನ್ಮ ಪೂರ್ತಿ ನಂಬುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಮೂಗು ಒರೆಸಿಕೊಂಡಳು.

"ನಿಂದೇನೂ ತಪ್ಪಿಲ್ಲ," ಎಂದೆ. "ನೀ ಕೇಳಿದ್ದನ್ನ ನಾನೂ ಕೇಳಿದ್ದೆ. ಹಾವೇರಿಗೆ ಹೋಗು ಅಂತನ ಬಿತ್ತು ಹೂ. ಸುಳ್ಳು ಹೇಳಿದಾಕಿ ನಾನು."

"ಯಾಕ?"

"ನೀ ಹೋದ್ರ ಮನ್ಯಾಗ ಯಾರದಾರ?"

ಅವಳು ಅಳಲಿಲ್ಲ. ಕಾಗದವನ್ನು ಬಿಚ್ಚಿ ತೊಡೆಯ ಮೇಲೆ ಸಾಪು ಮಾಡಿಕೊಂಡಳು. ಬಸ್ಸು ಬಂದಾಗ ಹತ್ತಿ, ನನ್ನ ಹತ್ತಿರ ಜಾಗವಿದ್ದರೂ ಮುಂದಿನ ಸೀಟಿಗೆ ಹೋಗಿ ಕೂತಳು. ಊರಲ್ಲಿ ಇಳಿದ ಮೇಲೆ, "ಅವ್ವಗ ನೀನ ಹೇಳು," ಎಂದಳು. ಅಷ್ಟೇ.

ಹೇಳಿದೆ. ಮಗಳು ಗೋದಾಮಿನಲ್ಲಿ ಓವರ್‌ಟೈಮ್ ಮಾಡುತ್ತಿದ್ದಳು. ಫೋನಿನಲ್ಲಿ ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು. ನಾನು ಎಲ್ಲ ಹೇಳಿ ಮುಗಿಸಿದೆ. ಬೈಯುತ್ತಾಳೆ ಎಂದು ಕಾದೆ.

"ನನ್ನ ಮದಿವ್ಯಾಗೂ ಹಿಂಗ ಮಾಡಿದ್ದಿ ಏನವ್ವಾ?" ಎಂದಳು.

"ಇಲ್ಲ. ಅದು ಖರೇನ ಬಲಕ್ಕ ಬಿದ್ದಿತ್ತು."

"ಹೂಂ," ಎಂದು ಫೋನು ಇಟ್ಟಳು. ಅವಳು ನಂಬಿದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಮ್ಮೆ ಸುಳ್ಳು ಹೇಳಿದವಳು ಹಳೆಯದಕ್ಕೆ ಆಣೆ ಮಾಡಿದರೆ ಏನು ಬೆಲೆ?

ಮರುದಿನ ಹೆಡ್‌ಮಾಸ್ತರರ ಹತ್ತಿರ ಹೋದೆ. ಹೂವಿನ ಕಥೆ ಹೇಳಲಿಲ್ಲ, ಮನಸ್ಸು ಬದಲಾಯಿತು ಎಂದೆ. "ಮನಸ್ಸು ಬದಲಾಗಾಕ ಆಗಸ್ಟ್ ತಿಂಗಳ ಬೇಕಾತೇನ್ರಿ ಅಜ್ಜಿ?" ಎಂದರು. ಬೈಸಿಕೊಂಡೆ. ಆದರೂ ಅವರು ಹಾವೇರಿಗೆ ಫೋನು ಮಾಡಿದರು, ಹುಡುಗಿಯನ್ನು ಕರೆದುಕೊಂಡು ಹೋಗಿ ಎಂದರು.

ಹಾಸ್ಟೆಲಿನ ವಾರ್ಡನ್ ಬಾಯಿ ನಮ್ಮನ್ನು ಹೊರಗೆ ಒಂದು ತಾಸು ಕೂಡಿಸಿದರು. ಪಟ್ಟಿ ಮುಗಿದು ಎಷ್ಟೋ ದಿನವಾಯಿತು ಎಂದರು. ಆಮೇಲೆ ರಿಜಿಸ್ಟರು ತಿರುವಿ, ಗಳಗನಾಥದ ಕಡೆಯ ಹುಡುಗಿಯೊಬ್ಬಳು ಒಂದು ತಿಂಗಳು ಅತ್ತು ಅತ್ತು, ಹೋದ ವಾರ ಅಪ್ಪನ ಜೊತೆ ಮನೆಗೆ ಹೋದಳು ಎಂದರು. ಮೇಲಿನ ಸಾಹೇಬರ ಸಹಿ ಬೇಕು, ಸೋಮವಾರ ಬನ್ನಿ ಎಂದರು.

"ನೀನೂ ಅಳಾಕಿನ ಏನ?" ಎಂದು ಮೊಮ್ಮಗಳನ್ನು ಕೇಳಿದರು.

"ಇಲ್ರಿ ಮೇಡಂ," ಎಂದಳು. ಯೋಚನೆ ಕೂಡ ಮಾಡಲಿಲ್ಲ.

ಸೋಮವಾರ ಸೀಟು ಸಿಕ್ಕಿತು. ಆ ವಾರದಲ್ಲೇ ಬ್ಯಾಡಗಿಯ ಶಾಲೆಯಿಂದ ಟಿ.ಸಿ. ತಂದು ಹೊಸ ಶಾಲೆಗೆ ಸೇರಿಸಿದೆವು. ಮಗಳೂ ರಜೆ ಹಾಕಿ ಬಂದಿದ್ದಳು. ಟ್ರಂಕನ್ನು ಅವರಿಬ್ಬರೇ ಹಿಡಿದುಕೊಂಡು ಒಳಗೆ ಹೋದರು. ನಾನು ಗೇಟಿನ ಹತ್ತಿರ ನಿಂತೆ. ನನ್ನನ್ನು ಬಾ ಎಂದು ಯಾರೂ ಕರೆಯಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹೊರಡುವಾಗ ಹುಡುಗಿ ಬಂದು ಕಾಲು ಮುಟ್ಟಿದಳು. "ಗುಳಿಗಿ ತಗೊಳ್ಳೂದು ಮರೀಬ್ಯಾಡ," ಎಂದಳು. ನಾನು, "ನಿನ್ನ ಅರಿವಿ ನೀನ ಒಗಕೋ," ಎಂದೆ. ಇನ್ನೇನೋ ಅನ್ನಬೇಕಿತ್ತು, ಬಾಯಿಗೆ ಬರಲಿಲ್ಲ. ಮಗಳು ರಾಣೇಬೆನ್ನೂರಿನ ಬಸ್ಸಿಗೆ ಹೋದಳು, ನಾನು ಮೋಟೆಬೆನ್ನೂರಿನ ಬಸ್ಸು ಹತ್ತಿದೆ.

ಒಬ್ಬಳೇ ಇದ್ದರೆ ಸತ್ತೇ ಹೋಗುತ್ತೇನೆ ಎಂದುಕೊಂಡಿದ್ದೆ. ಸಾಯಲಿಲ್ಲ. ಎರಡು ರೊಟ್ಟಿ ಬಡಿದರೆ ಒಂದು ಉಳಿಯುತ್ತದೆ, ಮರುದಿನ ಅದನ್ನೇ ತಿನ್ನುತ್ತೇನೆ. ಶೆಡ್ಡಿನಿಂದ ಬಂದು ಟಿವಿ ಹಾಕುತ್ತೇನೆ, ನೋಡುವುದಿಲ್ಲ. ಹಾಸ್ಟೆಲಿನಲ್ಲಿ ಭಾನುವಾರ ಮಾತ್ರ ಫೋನು ಕೊಡುತ್ತಾರೆ. ಅವಳು ಮೊದಲು ತಾಯಿಗೆ ಮಾಡುತ್ತಾಳೆ, ಆಮೇಲೆ ನನಗೆ. ಆರಾಮ ಅದೀನಿ, ಗಣಿತ ಚಲೋ ನಡದೈತಿ, ಸಾರು ನೀರು ನೀರು ಎನ್ನುತ್ತಾಳೆ. ಹಿಂದೆ ಸಾಲಿನಲ್ಲಿ ನಿಂತ ಹುಡುಗಿಯರು ಲಗೂ ಮುಗಸಬೇ ಎಂದು ಕೂಗುವುದು ಕೇಳಿಸುತ್ತದೆ. ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಕೇಳಿದರೆ ಹೌದು ಎಂದೇ ಹೇಳುತ್ತಾಳೆ, ಅಂಥ ಹುಡುಗಿ ಅವಳು. ಅದಕ್ಕೇ ಕೇಳುವುದಿಲ್ಲ.

ದಸರೆಯ ರಜೆಗೆ ಬಂದಳು. ಸ್ವಲ್ಪ ಎತ್ತರವಾಗಿದ್ದಳು. ಬಂದ ದಿನವೇ, ನೀ ಕೂಡು, ನಾ ಪಲ್ಲೆ ಮಾಡ್ತೇನಿ ಎಂದು ಒಲೆಯ ಮುಂದೆ ನಿಂತಳು. ಬದನೆಕಾಯಿ ಹೆಚ್ಚಿ, ಒಗ್ಗರಣೆ ಹಾಕಿ, ಮೇಲಿನ ಹಲಗೆಯ ಮೇಲೆಲ್ಲ ಕೈಯಾಡಿಸಿದಳು.

"ಅಜ್ಜಿ, ಉಪ್ಪಿನ ಡಬ್ಬಿ ಎಲ್ಲೈತಿ?"

"ಕೆಳಗ, ಹಿಟ್ಟಿನ ಡಬ್ಬಿ ಮಗ್ಗಲಕ ನೋಡು," ಎಂದೆ.

ಅವಳು ಇರುವಾಗ ಅದು ಮೇಲಿರುತ್ತಿತ್ತು. ನನ್ನ ಭುಜ ಅಷ್ಟು ಎತ್ತರಕ್ಕೆ ಏಳುವುದಿಲ್ಲ, ಅವಳೇ ತೆಗೆದುಕೊಡುತ್ತಿದ್ದಳು. ಅವಳು ಬಗ್ಗಿ ಡಬ್ಬಿ ತೆಗೆದು ಉಪ್ಪು ಹಾಕಿದಳು. ಒಂದು ಗಳಿಗೆ ಡಬ್ಬಿ ಹಿಡಿದು ನಿಂತು, ಆಮೇಲೆ ಅದನ್ನು ಮತ್ತೆ ಕೆಳಗೇ ಇಟ್ಟಳು.