ಸೀತನಿ ವಾಸನೆಯ ಬಾಟಲಿ

ಇಳಕಲ್ಲಿನ ಸೀರೆ ವ್ಯಾಪಾರಿ ಮಲಕಪ್ಪನದೊಂದು ಸೂತ್ರ ಬಜಾರಿಗೆಲ್ಲ ಗೊತ್ತು: ಕಪಾಟಿನ ಕೊನೆಯ ಸೀರೆಯನ್ನು ಗಿರಾಕಿಗೆ ಬಿಚ್ಚಿ ತೋರಿಸಬಾರದು. ‘ಇನ್ನೊಂದು ಐತ್ರಿ, ಮಗ್ಗದ ಮ್ಯಾಲ ಐತಿ, ಮುಂದಿನ ವಾರ ಬರ್ರಿ’ ಅನ್ನಬೇಕು. ನೋಡದೆ ಬಿಟ್ಟ ಸೀರೆಯೇ ಗಿರಾಕಿಯನ್ನು ಮತ್ತೆ ಮೆಟ್ಟಿಲು ಹತ್ತಿಸುತ್ತದೆ.

ಗಿರಾಕಿಗಳೇನೋ ಹತ್ತುತ್ತಿದ್ದರು. ಗೆಳೆಯರು ಹತ್ತುತ್ತಿರಲಿಲ್ಲ. ಹೆಂಡತಿ ದಾನಮ್ಮ ಇದ್ದಾಗ ಅಂಗಡಿ ಮುಚ್ಚುವ ಸೂಟಿಯ ಸಂಜೆ ಮೂವರು ಗೆಳೆಯರೂ ತಪ್ಪದೆ ಅಂಗಡಿ ಮೇಲಿನ ಮಾಳಿಗೆಯ ಮನೆಗೆ ಬರುತ್ತಿದ್ದರು. ಒಳಗೆ ಅವಳು ಮಿರ್ಚಿ ಕರಿಯುವಳು, ಹೊರಗೆ ಇವರು ಮಾತಿನಲ್ಲೇ ಊರವರನ್ನು ಕರಿಯುವರು. ಅವಳು ಸತ್ತಾಗ ಮಣ್ಣಿಗೆ ಬಂದು ಅತ್ತು ಹೋದವರು ಆಮೇಲೆ ಬರಲಿಲ್ಲ. ಜಗಳವೇನಿಲ್ಲ. ಎದುರು ಸಿಕ್ಕಾಗ ‘ಬರ್ತೇವಲೇ’ ಅನ್ನುತ್ತಿದ್ದರು. ಸೀರೆ ಮುಟ್ಟಿ ನೋಡಿ ಬರಿಗೈಲೆ ಹೊರಟವನೂ ಹಾಗೇ ಅನ್ನುತ್ತಾನೆ.

ಹೀಗಿರುವಾಗ ಮುಂಬೈ ವ್ಯಾಪಾರಿಯೊಬ್ಬ ಸ್ಕಾಟ್‌ಲೆಂಡಿನ ಸಿಂಗಲ್ ಮಾಲ್ಟ್ ವಿಸ್ಕಿ ಬಾಟಲಿಯೊಂದನ್ನು ಉಡುಗೊರೆ ಕೊಟ್ಟ. ಮಲಕಪ್ಪನಿಗೆ ಅದು ಕುಡಿಯುವ ಮಾಲಾಗಿ ಕಾಣಲಿಲ್ಲ, ಕೊನೆಯ ಸೀರೆಯಾಗಿ ಕಂಡಿತು. ಮೂವರಿಗೂ ಫೋನು ಮಾಡಿದ. ಮೂವರೂ ಬಂದರು.

ಮಿರ್ಚಿ ಖಾನಾವಳಿಯದು, ತಣ್ಣಗಾಗಿತ್ತು. ಮಲಕಪ್ಪ ಗ್ಲಾಸಿನ ತಳ ಒದ್ದೆಯಾಗುವಷ್ಟೇ ಸುರಿದ.

“ಏನಲೇ, ತೀರ್ಥ ಕೊಟ್ಟಂಗ ಕೊಡ್ತಿ?” ಎಂದ ಲಾರಿ ಮಾಲೀಕ ಯಮನೂರ. “ಗಂಟಿ ಬಾರಸ್ಲೇನು?”

ಗ್ರಾನೈಟ್ ವ್ಯಾಪಾರದ ಅನಿಲಕುಮಾರ ಪರದೇಶ ಕಂಡವನು. ಗ್ಲಾಸನ್ನು ದೀಪಕ್ಕೆ ಹಿಡಿದು ತಿರುಗಿಸಿದ. “ಬಣ್ಣ ನೋಡ್ರಿ, ಒಣಾ ಹುಲ್ಲಿನಂಗ ಐತಿ. ಮೂರ ವರ್ಷದ್ದು. ಇನ್ನೂ ಎಳೇದು.”

ನೂಲಿನ ವ್ಯಾಪಾರಿ ಬಾಬುಸಾಬ ಕುಡಿಯುವವನಲ್ಲ. ಅವನ ಮುಂದೆ ಲಿಂಬು ಸೋಡಾ ಇತ್ತು. ಆದರೂ ಮಲಕಪ್ಪನ ಗ್ಲಾಸು ಎಳೆದುಕೊಂಡು ಮೂಸಿದ. “ಅಲ್ಲೋ, ಹೊಲದಾಗ ಸೀತನಿ ಸುಟ್ಟಂಗ ಐತಲ್ಲೋ ಇದು! ಹಸೀ ಜ್ವಾಳದ ತೆನಿ!”

“ಸಾಬಣ್ಣಾ, ಕುಡೀದನ ನಿಶಾ ಏರ್ತೇನು?” ಎಂದು ಯಮನೂರ ನಕ್ಕ. ಆದರೆ ಮಾತು ಖರೆ. ಬಾಯಿಗಿಟ್ಟರೆ ಮೊದಲು ಎಳೆಕಾಳಿನ ಸಿಹಿ, ಹಿಂದೆಯೇ ಗಂಟಲು ಸವರಿಹೋಗುವ ಕಾವು. ಯಮನೂರ ಅದರ ಮೇಲೆ ಮಿರ್ಚಿ ಕಡಿದು ಕಣ್ಣೀರು ಸುರಿಸಿದ. ಮನೆ ತುಂಬ ನಗೆ. ಮಲಕಪ್ಪ ಗೋಡೆಗೊರಗಿ ಕೂತ, ಎಷ್ಟೋ ದಿನದ ಮೇಲೆ.

ಅದೇ ಗುಂಗಿನಲ್ಲಿ ಬಾಬುಸಾಬ ಅಡುಗೆಮನೆಯ ಕಡೆ ಕತ್ತು ಹೊರಳಿಸಿದ. “ತಂಗೀ, ಇನ್ನೊಂದ್ ನಾಕು ಬಿಸೀವು...”

ದಾನಮ್ಮನನ್ನು ಅವನು ಕರೆಯುತ್ತಿದ್ದುದು ಹಾಗೆಯೇ. ಅನಿಲಕುಮಾರ ಗಡಿಯಾರ ನೋಡಿದ. ಯಮನೂರ ಕಿಸೆಯ ಫೋನು ತೆಗೆದ, ಅದು ರಿಂಗಾಗಿರಲಿಲ್ಲ. ಯಾರೂ ಯಾಕೆ ಬರುವುದಿಲ್ಲವೆಂಬುದು ಮಲಕಪ್ಪನಿಗೆ ಆಗ ತಿಳಿಯಿತು. ತಿಳಿದರೇನು, ಇವರು ಎದ್ದರೆ ಮತ್ತೆ ಬರುವುದಿಲ್ಲ. ಲಗುಬಗೆಯಿಂದ ಬಾಟಲಿಗೆ ಬಿರಡೆ ಒತ್ತಿದ.

“ಎಳೇದು ಅಂದ್ರಲ್ಲ, ಇರ್ಲಿ. ಇಡ್ತೇನಿ. ಮುಂದಿನ ಸೂಟಿಗೆ ಬರ್ರಿ, ಎಷ್ಟು ಬಲಿತೈತಿ ನೋಡೂಣು.”

“ಹುಚ್ಚಪ್ಪಾ,” ಎಂದ ಅನಿಲಕುಮಾರ, “ಇದು ಬಲಿಯೂದು ಕಟ್ಟಿಗಿ ಪೀಪಾಯಿದಾಗ. ಗಾಜಿನಾಗ ಹಾಕಿದ ಮ್ಯಾಲ ನೀ ಮುದುಕಾಗ್ತಿ, ಇದು ಆಗೂದಿಲ್ಲ. ಹುಣಸಿಹಣ್ಣು ಅಂತ ತಿಳದ್ಯಾ?”

ಅವನು ಹಾಗೇ ತಿಳಿದಿದ್ದ. ಹುಣಸೆ, ಬೆಲ್ಲ, ಅಕ್ಕಿ, ಇಟ್ಟಷ್ಟೂ ಬೆಲೆ ಏರುವ ಮಾಲು ಕಂಡವನು.

“ಹಂಗಾರ ಇಡೂದ್ಯಾಕ? ಬಾಗಲಕೋಟಿಯಿಂದ ಅಳಿಯ ಬಂದಾನ, ಅವ್ನೂ ಒಂದೀಟು ರುಚಿ ನೋಡ್ಲಿ,” ಎಂದು ಯಮನೂರ ಬಾಟಲಿ ಕಂಕುಳಿಗಿಟ್ಟ. ಗೆಳೆಯನಿಗೆ ಇಲ್ಲವೆನ್ನುವುದು ಹೇಗೆ? ಮೂವರೂ ಮೆಟ್ಟಿಲಿಳಿದರು. ಮಲಕಪ್ಪ ಮೇಲಿನಿಂದ ಕೂಗಿದ:

“ಯಮನೂರಾ, ಖಾಲಿ ಆತಂದ್ರ ಬಾಟ್ಲಿ ತಂದ್ ಕೊಡಪಾ. ನನಗ ಬೇಕು.”

“ಖಾಲಿ ಬಾಟ್ಲಿ ತಗೊಂಡು ಏನ್ ಮಾಡ್ತೀಲೇ?”

“ಚಂದ ಐತಿ.”

“ಆತು, ಡ್ರೈವರನ ಕೈಯಾಗ ಕಳಸ್ತೇನಿ ತಗೋ.”

ಬಾಬುಸಾಬ ಕೆಳಗೆ ಒಂದು ಗಳಿಗೆ ನಿಂತು ಮೇಲೆ ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದ.

ಯಮನೂರ ಮಾತಿಗೆ ತಪ್ಪುವವನಲ್ಲ. ವಾರದೊಳಗೆ ಡ್ರೈವರ ಬಂದು, ಲಾರಿಯ ಎಂಜಿನ್ನೂ ಆರಿಸದೆ, ಬಾಟಲಿಯನ್ನು ಅಂಗಡಿಯ ಗಾದಿಯ ಮೇಲಿಟ್ಟು ಹೋದ. ಮಲಕಪ್ಪ ಬಿರಡೆ ತೆಗೆದು ಮೂಸಿದ. ಯಮನೂರನ ಮನೆಯವರು ಸೋಪು ಹಾಕಿ ಚೊಕ್ಕ ತೊಳೆದಿದ್ದರು.