ಜನೆಲ್ ಮಾತಾಡುವಾಗ ಸುಮ್ಮನಿರಬೇಡಿ

1999ರಲ್ಲಿ ನಾನು ಹ್ಯೂಸ್ಟನ್ ನಗರದ ದಕ್ಷಿಣ ಭಾಗದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮನೆ ಇದ್ದದ್ದು ಊರಿನ ಇನ್ನೊಂದು ಮೂಲೆಯಲ್ಲಿ, ಸೈಪ್ರೆಸ್‌ನಲ್ಲಿ. ಇನ್ನೂ ಕತ್ತಲಿರುವಾಗಲೇ ಕಾರು ಹತ್ತಿದರೆ ಹೆದ್ದಾರಿಯ ದಟ್ಟಣೆ ದಾಟಿ ಶಾಲೆಯ ಗಂಟೆಗೆ ಸರಿಯಾಗಿ ಮುಟ್ಟುತ್ತಿದ್ದೆ. ಹತ್ತಿರ ಅಷ್ಟೊಂದು ಶಾಲೆಗಳಿರುವಾಗ ಅಲ್ಲಿಗೆ ಹೋಗಿ ಯಾಕೆ ಒದ್ದಾಡುತ್ತೀಯ ಎಂದು ನಮ್ಮ ಕನ್ನಡ ಬಳಗದಲ್ಲಿ ಎಲ್ಲರೂ ಕೇಳುವವರೇ. ಕೆಲಸ ಕೊಟ್ಟವರು ಅವರು, ಅದಕ್ಕೆ ಹೋಗುತ್ತಿದ್ದೆ. ನನ್ನ ಯಜಮಾನರಂತೂ, ಮೈಸೂರಿನ ಇಂಗ್ಲಿಷ್ ಇಟ್ಟುಕೊಂಡು ಟೆಕ್ಸಸ್ಸಿನ ಮಕ್ಕಳ ಮಾತು ತಿದ್ದಲು ಹೊರಟವಳು ನೀನೊಬ್ಬಳೇ ಎಂದು ಸಿಕ್ಕಿದವರ ಮುಂದೆಲ್ಲ ನನ್ನನ್ನು ಛೇಡಿಸುತ್ತಿದ್ದರು.

ಸ್ಪೀಚ್ ಥೆರಪಿಸ್ಟ್ ಎಂದರೆ ಉಚ್ಚಾರಣೆ ಕಲಿಸುವ ಟೀಚರ್ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಕೆಲಸದ ದೊಡ್ಡ ಪಾಲು ಉಗ್ಗಿನದು. ಉಗ್ಗು ಎಂದರೆ ಒಂದೇ ಅಕ್ಷರ ಮತ್ತೆ ಮತ್ತೆ ಬರುವುದಷ್ಟೇ ಅಲ್ಲ. 'ಬ್ಲಾಕ್' ಎಂಬ ಇನ್ನೊಂದು ಬಗೆ ಇದೆ. ಹೇಳಬೇಕಾದ ಪದ ಗೊತ್ತು, ತುಟಿ ಆ ಪದಕ್ಕೆ ಸಿದ್ಧವಾಗಿದೆ, ಆದರೆ ಧ್ವನಿ ಹೊರಡುವುದಿಲ್ಲ. ಕೇಳುವವರಿಗೆ ಅದು ಕ್ಷಣ, ಮಾತಾಡುವ ಮಗುವಿಗೆ ಯುಗ. ಐದನೇ ತರಗತಿಯ ಜನೆಲ್‌ಗೆ ಇದ್ದದ್ದು ಅದೇ. ಎತ್ತರದ ಹುಡುಗಿ, ಕೂದಲಿಗೆ ಬಣ್ಣಬಣ್ಣದ ಮಣಿ ಹೆಣೆದಿರುತ್ತಿದ್ದಳು. ತಂಟೆಕೋರಿ ಬೇರೆ. ಆದರೆ ತರಗತಿಯಲ್ಲಿ ಅವಳು ಬಾಯಿ ಬಿಟ್ಟಿದ್ದನ್ನು ನೋಡಿದವರು ಕಡಿಮೆ.

ಇಂಥ ಮಕ್ಕಳ ಮನೆಯವರಿಗೆ ನಾವು ಕೆಲವು ನಿಯಮ ಹೇಳುತ್ತೇವೆ. ಮಗು ನಿಂತ ಪದವನ್ನು ನೀವು ಪೂರ್ತಿ ಮಾಡಬೇಡಿ. ನಿಧಾನ, ಉಸಿರು ತಗೋ, ಸಮಾಧಾನ ಎಂದೆಲ್ಲ ಉಪದೇಶ ಮಾಡಬೇಡಿ. ಮುಖ ನೋಡುತ್ತ ಸುಮ್ಮನೆ ಕಾಯಿರಿ. ಒಳ್ಳೆಯ ನಿಯಮಗಳೇ. 'ನಿಧಾನ' ಎಂದು ನೂರು ಸಲ ಕೇಳಿಸಿಕೊಂಡ ಮಗುವಿಗೆ ತಾನು ತಪ್ಪು ಮಾಡುತ್ತಿದ್ದೇನೆ ಎಂಬುದೊಂದೇ ತಲೆಗೆ ಹತ್ತುತ್ತದೆ. ಜನೆಲ್‌ಳನ್ನು ಸಾಕುತ್ತಿದ್ದ ಅಜ್ಜಿಗೂ ಇದನ್ನೇ ಹೇಳಿದ್ದೆ. ಆಕೆಯ ಹೆಸರು ಎರ್ಲೀನ್. ಆ ಕಡೆ ಹಿರಿಯ ಹೆಂಗಸರನ್ನು ಬರಿಯ ಹೆಸರಿನಿಂದ ಕರೆಯುವಂತಿಲ್ಲ, 'ಮಿಸ್ ಎರ್ಲೀನ್' ಎನ್ನಬೇಕು. ಅವರು ನನ್ನ ಮಾತನ್ನೆಲ್ಲ ಗಮನವಿಟ್ಟು ಕೇಳಿ, ನೀನು ಓದಿದವಳು, ಹಾಗೇ ಆಗಲಿ ಎಂದರು. ಆ ದನಿಯಲ್ಲಿ ಪೂರ್ತಿ ಒಪ್ಪಿಗೆ ಇರಲಿಲ್ಲವೆಂದು ನನಗೆ ಆಗಲೇ ಅನ್ನಿಸಿತ್ತು.

ಅಮೆರಿಕದಲ್ಲಿ ಫೆಬ್ರವರಿ ತಿಂಗಳು ಆಫ್ರಿಕನ್ ಅಮೆರಿಕನ್ನರ ಇತಿಹಾಸವನ್ನು ನೆನೆಯುವ ತಿಂಗಳು. ಹೆಚ್ಚಿನ ಮಕ್ಕಳು ಕಪ್ಪು ಜನರ ಮನೆಯವರೇ ಆಗಿದ್ದ ನಮ್ಮ ಶಾಲೆಯಲ್ಲಿ ಅದಕ್ಕೊಂದು ಪದ್ಧತಿ ಇತ್ತು. ಐದನೇ ತರಗತಿಯ ಹೆಣ್ಣುಮಕ್ಕಳು ತಾವು ಮೆಚ್ಚಿದ ಒಬ್ಬೊಬ್ಬ ಕಪ್ಪು ಮಹಿಳೆಯ ಬದುಕನ್ನೂ ಅವರು ಹೇಳಿದ ಮಾತನ್ನೂ ಒಂದನೇ ಎರಡನೇ ತರಗತಿಯ ಪುಟ್ಟ ಮಕ್ಕಳಿಗೆ ವೇದಿಕೆಯ ಮೇಲಿಂದ ಹೇಳಬೇಕು. ಹೆಚ್ಚಿನವರು ಪುಸ್ತಕದಲ್ಲಿ ಸಿಗುವ ಗಾಯಕಿಯರನ್ನು, ಶಾಸಕಿಯರನ್ನು, ವಿಜ್ಞಾನಿಗಳನ್ನು ಆರಿಸಿಕೊಂಡರು. ಜನೆಲ್ ಆರಿಸಿದ್ದು ಮಿಸ್ ಎರ್ಲೀನರ ತೀರಿಕೊಂಡ ಅಕ್ಕ ಲೊರೇನ್ ಅವರನ್ನು. ಲೊರೇನ್ ಆ ಬಡಾವಣೆಯಲ್ಲಿ ಕೂದಲು ಕಟ್ಟುವ ಅಂಗಡಿ ನಡೆಸುತ್ತಿದ್ದರಂತೆ. ಕಪ್ಪು ಜನ ಮತ ಹಾಕಲು ಹೋದರೆ ಬೆದರಿಕೆ ಬರುತ್ತಿದ್ದ ಕಾಲದಲ್ಲಿ, ಕೂದಲು ಕಟ್ಟಿಸಿಕೊಳ್ಳಲು ಬಂದ ಹೆಂಗಸರಿಗೆ ಮತದಾನದ ವಿಷಯವನ್ನೆಲ್ಲ ಬಿಡಿಸಿ ಹೇಳಿ, ತಮ್ಮದೇ ಕಾರಿನಲ್ಲಿ ಮತಗಟ್ಟೆಗೆ ಕರೆದೊಯ್ಯುತ್ತಿದ್ದರಂತೆ. ಯಾವ ಪುಸ್ತಕದಲ್ಲೂ ಇಲ್ಲದ ಹೆಸರು. ಆದರೆ ಆ ಕೇರಿಯಲ್ಲಿ ಕೇಳಿದರೆ ಸಾಕು, ಮುದುಕಿಯರು ಎದ್ದು ನಿಂತು ಮಾತಾಡುತ್ತಿದ್ದರು.

ತರಗತಿಯ ಟೀಚರ್ ಮಿಸೆಸ್ ಟರ್ನರ್ ಒಳ್ಳೆಯವರು, ಅವರೂ ಅದೇ ಬಡಾವಣೆಯ ಮಗಳು. ತುಂಬಿದ ಸಭೆಯಲ್ಲಿ ಹುಡುಗಿ ಮಾತು ನಿಂತು ಅವಮಾನ ಪಡುವುದು ಅವರಿಗೆ ಬೇಡವಾಗಿತ್ತು. ಜನೆಲ್ ಲೊರೇನರ ಫೋಟೋ ಹಿಡಿದು ನಿಲ್ಲಲಿ, ಮಾತನ್ನು ಇನ್ನೊಬ್ಬಳು ಓದಲಿ ಎಂದರು. ಜನೆಲ್ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ನಮ್ಮ ದೊಡ್ಡಜ್ಜಿಯ ಮಾತು, ನಾನೇ ಹೇಳಬೇಕು ಎಂದು ನನ್ನ ಕೋಣೆಗೆ ಬಂದು ಬಿಕ್ಕಿಬಿಕ್ಕಿ ಅತ್ತಳು. ಕೊನೆಗೆ ರಿಹರ್ಸಲ್ ನೋಡಿ ತೀರ್ಮಾನ ಮಾಡೋಣ ಎಂದು ಮೂವರೂ ಒಪ್ಪಿದೆವು.

ನಾನು ಅವಳನ್ನು ಚೆನ್ನಾಗಿ ಸಿದ್ಧಪಡಿಸಿದೆ. ಪದವನ್ನು ಮೆಲ್ಲಗೆ ಶುರುಮಾಡುವುದು, ಬ್ಲಾಕ್ ಬಂದಾಗ ಅದರ ಜೊತೆ ಗುದ್ದಾಡದೆ ತುಟಿ ಸಡಿಲ ಬಿಡುವುದು, ಎಲ್ಲ ಕಲಿಸಿದೆ. ಕೋಣೆಯಲ್ಲಿ ನನ್ನೆದುರು ಸೊಗಸಾಗಿ ಹೇಳುತ್ತಿದ್ದಳು. ರಿಹರ್ಸಲ್ಲಿಗೆ ಮಿಸ್ ಎರ್ಲೀನ್ ಮತ್ತು ಅವರ ಚರ್ಚಿನ ಗೆಳತಿಯರು ಬಂದಿದ್ದರು. ಮಕ್ಕಳಿಗೆ ಉಡುಪು ಹೊಲಿದುಕೊಟ್ಟವರು ಅವರೇ. ಒಬ್ಬೊಬ್ಬರ ತಲೆಯ ಮೇಲೂ ಅಗಲವಾದ ಟೋಪಿ. ಜನೆಲ್ ವೇದಿಕೆ ಹತ್ತುವ ಮೊದಲು ನಾನು ಎದ್ದು ನಿಂತು, ದಯವಿಟ್ಟು ಅವಳು ಮುಗಿಸುವ ತನಕ ಯಾರೂ ಒಂದು ಸದ್ದೂ ಮಾಡಬೇಡಿ ಎಂದು ಕೇಳಿಕೊಂಡೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನನ್ನ ಮಾತಿಗೆ ಬೆಲೆ ಕೊಟ್ಟು ಬಾಯಿ ಮುಚ್ಚಿ ಕೂತರು.

ಮೊದಲ ವಾಕ್ಯ ಬಂತು. ಎರಡನೆಯದರ ನಡುವೆ ಬ್ಲಾಕ್. ಜನೆಲ್ ಟೋಪಿಗಳ ಸಾಲನ್ನು ನೋಡಿದಳು. ಸೂಜಿ ಬಿದ್ದರೂ ಕೇಳಿಸುವಂಥ ಮೌನ. ಅವಳು ಇನ್ನೊಮ್ಮೆ ನೋಡಿದಳು, ಮುಖ ಬಾಡಿತು, ವೇದಿಕೆ ಇಳಿದು ಹೊರಟೇಹೋದಳು. ಮಿಸೆಸ್ ಟರ್ನರ್ ನನ್ನ ಭುಜ ಮುಟ್ಟಿ, ಬೇರೆ ಹುಡುಗಿಗೆ ಹೇಳಿಬಿಡುತ್ತೇನೆ ಎಂದು ಮೆತ್ತಗೆ ಅಂದರು. ನಾನು ಜನೆಲ್‌ಳನ್ನು ಹುಡುಕಿಕೊಂಡು ಹೊರಗೆ ಹೋದೆ.

ಮೆಟ್ಟಿಲ ಮೇಲೆ ಕೂತಿದ್ದ ಜನೆಲ್‌ಳ ಪಕ್ಕ ಹೋಗಿ ಕೂತೆ. ಅವಳು, "ಅವರ್ಯಾರಿಗೂ ನನ್ನ ಮಾತು ಹಿಡಿಸ್ಲಿಲ್ಲ," ಅಂದಳು.

"ಅವರು ಏನೂ ಅನ್ನಲೇ ಇಲ್ವಲ್ಲ ಜನೆಲ್."

"ಅದಕ್ಕೇ ಹೇಳ್ತಿರೋದು, ಮಿಸ್ ಪದ್ಮಾ. ಏನೂ ಅನ್ನಲಿಲ್ಲ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಹಿಂದೆ ನಿಂತಿದ್ದ ಮಿಸ್ ಎರ್ಲೀನ್ ಬಿಡಿಸಿ ಹೇಳುವ ಗೋಜಿಗೇ ಹೋಗಲಿಲ್ಲ. ಭಾನುವಾರ ನಮ್ಮ ಚರ್ಚಿಗೆ ಬಾ ಮಗಳೇ, ನೀನೇ ಕೂತು ನೋಡು ಎಂದರು. ದೇವರಮನೆಯಲ್ಲಿ ದೀಪ ಹಚ್ಚಿ ನಾನು ಚರ್ಚಿಗೆ ಹೊರಟದ್ದು ನೋಡಿ ಯಜಮಾನರು ನಕ್ಕರು. ಆಮೇಲೆ ತಾವೇ ಕಾರು ತೆಗೆದರು.

ಅಲ್ಲಿ ಕಂಡದ್ದನ್ನು ನಾನು ಮರೆಯುವ ಹಾಗಿಲ್ಲ. ಒಬ್ಬ ಯುವತಿ ಮೊದಲ ಸಲ ಸಭೆಯ ಮುಂದೆ ತನ್ನ ಕಷ್ಟದ ಕಥೆ ಹೇಳಲು ನಿಂತಳು. ಉಗ್ಗು ಇದ್ದವಳಲ್ಲ, ಆದರೆ ಎರಡು ಮಾತಿಗೇ ಅಳು ಬಂದು ನಿಂತುಬಿಟ್ಟಳು. ತಕ್ಷಣ ಟೋಪಿಗಳ ಸಾಲಿನಿಂದ ಒಂದು ದನಿ, "ಹೇಳು ಮಗಳೇ." ಇನ್ನೊಂದು ಮೂಲೆಯಿಂದ, "ಎಷ್ಟು ಹೊತ್ತು ಬೇಕೋ ತಗೋ, ನಾವೆಲ್ಲ ಇಲ್ಲೇ ಇದ್ದೀವಿ." ಯಾರೋ ಚಪ್ಪಾಳೆ ತಟ್ಟಿದರು, ಯಾರೋ ಗುನುಗಿದರು. ಹುಡುಗಿ ಕಣ್ಣೊರೆಸಿಕೊಂಡು ಮುಂದುವರಿದಳು. ಅವಳ ಪ್ರತಿ ಮಾತಿಗೂ ಸಭೆ ಓಗೊಡುತ್ತಿತ್ತು. ಹರಿಕಥೆಯಲ್ಲಿ ದಾಸರು ಅರ್ಧಕ್ಕೆ ನಿಲ್ಲಿಸಿದಾಗ ಇಡೀ ಸಭೆ 'ಗೋವಿಂದ' ಎನ್ನುತ್ತದಲ್ಲ, ನನಗೆ ಅದೇ ನೆನಪಾಯಿತು. ಇವರ ನಡುವೆ ಬೆಳೆದ ಮಗುವಿಗೆ ಮೌನ ಎಂದರೆ ಏನರ್ಥ ಎಂದು ಆಗ ಹೊಳೆಯಿತು. ಇಲ್ಲಿ ಸಭೆ ಸುಮ್ಮನಾಗುವುದು ಮಾತು ಹಿಡಿಸದಿದ್ದಾಗ ಮಾತ್ರ.

ಆದರೂ ನನಗೆ ಧರ್ಮಸಂಕಟ. ಎಷ್ಟು ಹೊತ್ತು ಬೇಕೋ ತಗೋ ಎಂಬ ಆ ಮಾತು ನಮ್ಮ ಶಾಸ್ತ್ರದಲ್ಲಿ ನಿಷಿದ್ಧ. ಕೇಳುವವರು ತಿದ್ದಲು ಹೊರಟರೆ ಅದು ಹೊರೆ. ಇವರಾದರೋ ತಿದ್ದುತ್ತಿರಲಿಲ್ಲ, ಜೊತೆಗೆ ನಿಲ್ಲುತ್ತಿದ್ದರು. ಮಗುವಿಗೆ ಅದು ಹೇಗೆ ಕೇಳುತ್ತದೆ ಎಂಬುದೇ ಮುಖ್ಯ ಎಂದುಕೊಂಡು ಸೋಮವಾರ ಜನೆಲ್‌ಳನ್ನೇ ಕೇಳಿದೆ. ಅವಳು ಯೋಚಿಸಿ ಕರಾರು ಹಾಕಿದಳು. ಅಜ್ಜಿ, ಅಜ್ಜಿಯ ಗೆಳತಿಯರು ಚರ್ಚಿನಲ್ಲಿ ಅನ್ನುವ ಹಾಗೇ ಅನ್ನಲಿ. ಆದರೆ ನಿಂತ ಪದವನ್ನು ಮಾತ್ರ ಯಾರೂ ತಾವಾಗಿ ಹೇಳಿಕೊಡಕೂಡದು. ಅದು ನನ್ನದು. ಹತ್ತು ವರ್ಷದ ಹುಡುಗಿಯ ಈ ತೀರ್ಪಿಗೆ ನಾನು ಏನನ್ನೂ ಸೇರಿಸಬೇಕಾಗಿರಲಿಲ್ಲ.

ಮಿಸೆಸ್ ಟರ್ನರ್ ಹತ್ತಿರ ಹೋಗಿ ಇನ್ನೊಂದು ಅವಕಾಶ ಕೇಳಿದೆ. ಈ ಸಲವೂ ಇಳಿದು ಹೋದರೆ ಅವಳು ಇನ್ನೆಂದೂ ವೇದಿಕೆ ಹತ್ತಲಾರಳು, ಯೋಚನೆ ಮಾಡಿದ್ದೀರಾ ಎಂದು ಅವರು ಕೇಳಿದರು. ಸರಿಯಾದ ಪ್ರಶ್ನೆ. ಮಾಡಿದ್ದೇನೆ ಎಂದೆನಾದರೂ ಒಳಗೊಳಗೇ ಪುಕುಪುಕು. ಮಿಸ್ ಎರ್ಲೀನ್ ಅಲ್ಲೇ ಇದ್ದರು. "ಲೊರೇನಳ ಮಾತನ್ನ ಬೇರೆ ಹುಡುಗಿ ಬಾಯಲ್ಲಿ ಕೇಳೋದಕ್ಕಿಂತ, ನನ್ನ ಮೊಮ್ಮಗಳ ಬಾಯಲ್ಲಿ ಅರ್ಧ ಕೇಳಿದ್ರೂ ಸಾಕು ನಂಗೆ," ಎಂದರು. ಟೀಚರ್ ಒಪ್ಪಿದರು.

ಕಾರ್ಯಕ್ರಮದ ದಿನ ಸಭಾಂಗಣ ಕಿಕ್ಕಿರಿದಿತ್ತು. ಪುಟ್ಟ ಮಕ್ಕಳು ಮುಂದೆ ನೆಲದ ಮೇಲೆ, ಅವರ ಹಿಂದೆ ಟೋಪಿಗಳು. ಜನೆಲ್ ಬಂದಳು, ಲೊರೇನ್ ಯಾರೆಂದು ಹೇಳಿದಳು, ಅಂಗಡಿಯ ಮಾತು, ಕಾರಿನ ಮಾತು, ಮತಗಟ್ಟೆಯ ಮುಂದಿನ ಸಾಲಿನ ಮಾತು. ಆಮೇಲೆ, "ನನ್ನ ದೊಡ್ಡಜ್ಜಿ ಹೇಳ್ತಿದ್ದರು, ಸಾಲಿನಲ್ಲಿ ನಿನ್ನ..." ಎಂದವಳು ನಿಂತಳು. ಬ್ಲಾಕ್. ತುಟಿ ಸಿದ್ಧ, ಧ್ವನಿ ಇಲ್ಲ. ನಾನು ಹಿಂದಿನ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದೆ.

"ಎಷ್ಟು ಹೊತ್ತು ಬೇಕೋ ತಗೋ ಮಗಳೇ," ಮಿಸ್ ಎರ್ಲೀನರ ದನಿ.

"ನಾವೆಲ್ಲಿಗೂ ಹೋಗಲ್ಲ," ಎಂದರು ಇನ್ನೊಬ್ಬರು. ಟೋಪಿಗಳೆಲ್ಲ ತೂಗಿದವು. ಮುಂದೆ ಕೂತಿದ್ದ ಹಲ್ಲುಬಿದ್ದ ಪುಟ್ಟ ಹುಡುಗಿಯೊಬ್ಬಳು ಅಷ್ಟೇ ಗಂಭೀರವಾಗಿ, ನಾನೂ ಹೋಗಲ್ಲ ಎಂದಳು. ಸಭೆ ನಕ್ಕಿತು, ಜನೆಲ್ ಕೂಡ ನಕ್ಕಳು, ಆದರೆ ಆತುರ ಪಡಲಿಲ್ಲ. ತುಟಿ ಸಡಿಲ ಬಿಟ್ಟು, ಮೆಲ್ಲಗೆ ಶುರುಮಾಡಿ, ಪೂರ್ತಿ ಹೇಳಿದಳು: "ಸಾಲಿನಲ್ಲಿ ನಿನ್ನ ಸರದಿ ಬಂದಾಗ ಬಿಟ್ಟು ಹೋಗಬೇಡ. ನಿನ್ನ ಹಿಂದೆ ನಿಂತವಳು ನಿನ್ನನ್ನ ನೋಡ್ತಿದ್ದಾಳೆ." ಹಿರಿಯರೆಲ್ಲ ಎದ್ದು ನಿಂತರು. ಮಿಸೆಸ್ ಟರ್ನರ್ ಕರವಸ್ತ್ರ ಹುಡುಕುತ್ತಿದ್ದರು. ನಾನು ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ. ಓದಿನಲ್ಲೂ ಕೆಲಸದಲ್ಲೂ ನಾನು ದೊಡ್ಡ ದೊಡ್ಡವರನ್ನು ಕಂಡಿದ್ದೇನೆ. ಆ ಟೋಪಿಗಳ ಸಾಲಿನಷ್ಟು ದೊಡ್ಡವರನ್ನು ಕಂಡಿಲ್ಲ.

ಅವಳ ಉಗ್ಗು ಅಂದು ವಾಸಿಯಾಗಲಿಲ್ಲ. ಉಗ್ಗು ಹಾಗೆ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಮರುವಾರ ನನ್ನ ಕೋಣೆಗೆ ಬಂದವಳು ಕೂರುವ ಮೊದಲೇ ಜಗಳ ತೆಗೆದಳು. ಅಲ್ಲಿದ್ದವರೆಲ್ಲ ನನಗೆ ಏನಾದರೂ ಅಂದರು, ನೀವೊಬ್ಬರೇ ಗೋಡೆ ಹಿಡಿದು ಸುಮ್ಮನೆ ನಿಂತಿದ್ದಿರಿ ಎಂದಳು. ನಿಜ. ವರ್ಷಗಳ ತರಬೇತಿ ನನ್ನ ಬಾಯಿಗೆ ಬೀಗ ಹಾಕಿತ್ತು.

ಆಮೇಲೆ ಹ್ಯೂಸ್ಟನ್ ಬಿಟ್ಟು ಡಲ್ಲಾಸ್ ಕಡೆಯ ಅಲೆನ್‌ಗೆ ಶಿಫ್ಟ್ ಆದೆವು. ಅಲ್ಲಿ ಬೇರೆ ಜನ, ಬೇರೆ ಮಕ್ಕಳು. ಯಾವ ಮನೆಯವರಿಗೇ ಆಗಲಿ ನಿಯಮ ಹೇಳುವ ಮೊದಲು ಒಂದು ಪ್ರಶ್ನೆ ಕೇಳುವುದು ನನಗೆ ರೂಢಿಯಾಯಿತು. ನಿಮ್ಮಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಏನು ಮಾಡುತ್ತೀರಿ? ಮಾತಾಡುವುದಕ್ಕಿರುವ ಹಾಗೆ ಕೇಳುವುದಕ್ಕೂ ಊರೂರಿಗೆ ಬೇರೆ ಬೇರೆ ರೀತಿ ಇದೆ ಎಂಬುದೇ ಈ ಕೆಲಸ ನನಗೆ ಕಲಿಸಿದ ಪಾಠ.

ಅಂದು ಜಗಳ ಮುಗಿಸಿದ ಜನೆಲ್ ತನ್ನ ನಾಯಿಮರಿಯ ಕಥೆ ಶುರುಮಾಡಿದಳು. ನಡುವೆ ಬ್ಲಾಕ್ ಬಂತು. ಅವಳು ನನ್ನ ಮುಖ ನೋಡಿದಳು. ಚರ್ಚಿನವರ ಮಾತು ನನ್ನ ಬಾಯಿಗೆ ಬರಲಿಲ್ಲ. ಬಂದದ್ದು, ಮೈಸೂರಿನ ಜಗುಲಿಯ ಮೇಲೆ ಕಥೆ ಕೇಳುತ್ತ ನಾವು ಮಕ್ಕಳು ಅನ್ನುತ್ತಿದ್ದ "ಹ್ಞೂಂ...?"

ಅದು ಯಾವ ಭಾಷೆ ಎಂದು ಅವಳು ಕೇಳಲಿಲ್ಲ. ತುಟಿ ಸಡಿಲ ಬಿಟ್ಟು ಮುಂದಿನ ಮಾತು ಹೇಳಿದಳು.