ನಾನು ಅಳಿಸಿದ ದನಿ

ಪಾಲಿಬೆಟ್ಟದ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ, ಒಂದು ಕಾಫಿ ಎಸ್ಟೇಟಿನ ಆಫೀಸು ತನ್ನ ಒಂಬತ್ತು ಹಳೆಯ ಕಂಪ್ಯೂಟರುಗಳನ್ನು ನಮಗೆ ಕೊಟ್ಟಿತು. ಅವುಗಳ ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಭಾಗ ಮಾಡಲು ಆಜ್ಞೆಗಳನ್ನು ಸಾಲಾಗಿ ತಾನೇ ನಡೆಸುವ ಶೆಲ್ ಸ್ಕ್ರಿಪ್ಟೊಂದನ್ನು ನಾನು ಬರೆದಿದ್ದೆ. ಜೀಪಿನಲ್ಲಿ ಜೊತೆಗೆ ಬಂದವರು ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತರಾದ ಹಿರಿಯರು.

"ಇದ್ರಲ್ಲಿ ನನ್ನ ಹೆಂಡ್ತಿ ದನಿ ಉಂಟು ಟೀಚರೇ," ಎಂದು ಒಂದನ್ನು ಮುಟ್ಟಿ ತೋರಿಸಿದರು. "ತೀರಿಹೋಗೋ ಮುಂಚೆ ಆಫೀಸಲ್ಲೇ ಕೂರ್ಸಿ ರೆಕಾರ್ಡ್ ಮಾಡಿದ್ದೆ. ಅದೊಂದು ತೆಗ್ದು ಕೊಡಿ."

ಆಕೆ ಎರಡು ಗಂಟೆ ಮಾತಾಡಿದ್ದರು. ಮೈಸೂರು ರಾಜ್ಯದ ಕಾಲದಲ್ಲಿ ತಾಯಿಯ ಸೆರಗು ಹಿಡಿದು ಎಸ್ಟೇಟಿನ ಕೂಲಿ ಲೈನಿಗೆ ಬಂದದ್ದು, ಮೊದಲ ಕಾಫಿ ಪಿಕಿಂಗಿನಲ್ಲಿ ಕೆಂಪಿರುವೆ ಕಚ್ಚಿ ಅತ್ತದ್ದು. ಎಲ್ಲವನ್ನೂ ನನ್ನ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿಕೊಂಡು, ಕೇಳಿ ನೋಡಿ, ಆಮೇಲೆ ಆ ಕಂಪ್ಯೂಟರನ್ನು ಅಳಿಸಿದೆ.

ಎರಡನೆಯದರಲ್ಲಿ ಸ್ಕ್ರಿಪ್ಟ್ ನಿಂತುಬಿಟ್ಟಿತು. ಡಿಸ್ಕ್ ಬಳಕೆಯಲ್ಲಿದೆ ಎಂಬ ತಕರಾರು. ಮತ್ತೆ ಓಡಿಸಿದೆ, ಮತ್ತೆ ಅದೇ. ಬಳಕೆಯಲ್ಲಿರುವ ಡಿಸ್ಕನ್ನು ಒತ್ತಾಯದಿಂದ ಬಿಡಿಸುವ ಒಂದು ಸಾಲು ಸೇರಿಸಿದೆ. ಸರಾಗವಾಗಿ ಓಡಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಊಟಕ್ಕೆ ಎದ್ದೆ.

ಬಾಗಿಲ ಹತ್ತಿರ ತಿರುಗಿದಾಗ ಎಕ್ಸ್‌ಟರ್ನಲ್ ಡಿಸ್ಕಿನ ದೀಪ ಒಂದೇ ಸಮನೆ ಮಿನುಗುತ್ತಿತ್ತು. ಎರಡನೆಯದರಲ್ಲೂ ಆಕೆಯ ದನಿ ಇದ್ದೀತೇ ಎಂದು ಹುಡುಕಲು ಸಿಕ್ಕಿಸಿದ್ದ ಅದನ್ನು ತೆಗೆಯಲು ಮರೆತಿದ್ದೆ. ಮೊದಲ ಡಿಸ್ಕನ್ನು ಅಳಿಸು ಎಂದು ಸ್ಕ್ರಿಪ್ಟಿಗೆ ಹೇಳಿದ್ದೆ. ಈ ಕಂಪ್ಯೂಟರು ನನ್ನದನ್ನೇ ಮೊದಲನೆಯದೆಂದು ಎಣಿಸಿತ್ತು. ನಾನು ದೋಷವೆಂದು ತೆಗೆದುಹಾಕಿದ್ದು ಅದು ಕೊಟ್ಟ ಎಚ್ಚರಿಕೆಯನ್ನು. ಓಡಿಬಂದು ವಯರು ಕಿತ್ತೆ.

ಅಳಿಸಿಹೋದ ಕಡತ ಹುಡುಕುವ ಪ್ರೋಗ್ರಾಂ ಹಾಕಿಕೊಂಡು ನಾಲ್ಕು ದಿನ ಕೂತೆ. ಸಿಕ್ಕಿದ್ದು ಹನ್ನೊಂದು ಸೆಕೆಂಡು. ಹಿರಿಯರು ಪರೀಕ್ಷೆಗೆಂದು ಮೊದಲು ಮಾಡಿದ್ದ ಪುಟ್ಟ ರೆಕಾರ್ಡು. ಕುರ್ಚಿ ಎಳೆದ ಸದ್ದು, ಒಂದು ಕೆಮ್ಮು, ನಂತರ ಆಕೆಯ ದನಿ: "ಶುರು ಆಯ್ತಾ? ಎಂತ ಹೇಳ್ಬೇಕು ನಾನು?"

ಹಿರಿಯರು ಸಿದ್ದಾಪುರದಿಂದ ಬಸ್ಸಿನಲ್ಲಿ ಬಂದರು. ಏನನ್ನೂ ಮುಚ್ಚಿಡದೆ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಹೆಡ್‌ಫೋನ್ ಹಾಕಿಕೊಂಡರು.

"ಇನ್ನೊಮ್ಮೆ ಹಾಕಿ," ಎಂದರು. ಹಾಕಿದೆ. "ಇನ್ನೊಮ್ಮೆ."

ಎಷ್ಟನೆಯ ಸಲವೋ, ನಾನು ಪಕ್ಕದಲ್ಲಿರುವುದನ್ನೇ ಮರೆತವರಂತೆ ಮೆಲ್ಲನೆ ಉತ್ತರ ಕೊಟ್ಟರು: "ಶುರು ಆಯ್ತು ಮಾರಾಯ್ತಿ, ಹೇಳು." ಹೇಳಿ, ಕಾಯುತ್ತಾ ಕೂತರು.

ಉಳಿದ ಕಂಪ್ಯೂಟರುಗಳನ್ನು ಸ್ಕ್ರಿಪ್ಟಿಲ್ಲದೆ, ಪ್ರತಿ ಡಿಸ್ಕಿನ ನಂಬರು ಓದಿ ಓದಿ, ಕೈಯಾರೆ ಅಳಿಸಿದೆ. ಮಕ್ಕಳು ಅವುಗಳಲ್ಲೇ ಟೈಪಿಂಗ್ ಕಲಿತರು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಆ ಕೋಣೆಯಲ್ಲಿ ಒಬ್ಬಳೇ ಕೂರುವುದು ಮಾತ್ರ ನನ್ನಿಂದ ಆಗಲಿಲ್ಲ. ಯಾರೋ ನನ್ನ ಹಿಂದೆ ಕೂತು, ಹೇಳಲು ಬಾಯಿ ತೆರೆದು, ನನ್ನ ಅಪ್ಪಣೆಗೆ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು.